ಪಟ್ಟದ ಗೊಂಬೆ ಇಲ್ಲದ ಮನೆ

ನವರಾತ್ರಿ ಬಂದರೆ ನಮ್ಮ ಪತ್ರಿಕೆಯ ನಗರ ಪುಟಕ್ಕೆ ಗೊಂಬೆ ಮನೆಗಳ ವರದಿ ಬರೆಯುವ ಕೆಲಸ ನನ್ನದು. ಮೆಟ್ಟಿಲು ಎಷ್ಟು, ಗೊಂಬೆ ಯಾರ ಕಾಲದ್ದು, ಈ ಸಲ ಹೊಸದೇನು ಎಂದು ಕೇಳಿ, ಕೊಟ್ಟ ಉಸಲಿ ತಿಂದು, ಮುಂದಿನ ಮನೆಗೆ ಹೊರಡುತ್ತಿದ್ದೆ. ಶಂಕರಪುರದ ಒಂದು ಮನೆಯಿಂದ ಮಾತ್ರ ಬೇಗ ಎದ್ದು ಬರಲು ಆಗುತ್ತಿರಲಿಲ್ಲ.

ಅಲ್ಲಿ ಇಬ್ಬರು ಕಲಾವಿದರು ಎಂಟು ವರ್ಷದಿಂದ ಸಂಸಾರ ಮಾಡಿಕೊಂಡಿದ್ದಾರೆ. ಒಬ್ಬರು ನೆನೆಸಿ ರುಬ್ಬಿದ ಕಾಗದದಲ್ಲಿ ಗೊಂಬೆ ಮಾಡುತ್ತಾರೆ, ಇನ್ನೊಬ್ಬರು ನಾಟಕಗಳಿಗೆ ರಂಗಸಜ್ಜಿಕೆ. ಅವರ ಮೆಟ್ಟಿಲುಗಳ ಮೇಲೆ ಚಿಕ್ಕಪೇಟೆಯ ಹಮಾಲ ಬಟ್ಟೆ ಮೂಟೆ ಹೊತ್ತು ಮೆಟ್ರೊ ಎಸ್ಕಲೇಟರ್ ಏರುತ್ತಾನೆ. ನಾಮಕರಣದ ಮನೆಯಲ್ಲಿ ಮಂಗಳಮುಖಿಯೊಬ್ಬರು ಮಗುವನ್ನೆತ್ತಿ ಹರಸುತ್ತಾರೆ. ಸ್ಕೂಟರಿನಲ್ಲಿ ಇಬ್ಬರು ಹುಡುಗಿಯರು, ಹಿಂದೆ ಕೂತವಳ ಕೆನ್ನೆ ಮುಂದಿನವಳ ಬೆನ್ನಿಗೆ ಒರಗಿದೆ.

ಅದಕ್ಕೆ ಮೊದಲು ಬೇರೆ ಮನೆಗಳಲ್ಲಿ ನಾನು ಕಂಡದ್ದು ದಶಾವತಾರ, ಮದುವೆ ದಿಬ್ಬಣ, ಶೆಟ್ಟಿ ದಂಪತಿಯ ದಿನಸಿ ಅಂಗಡಿ. ಇವರನ್ನು ನೋಡಿ ಮೂರೇ ವರ್ಷದಲ್ಲಿ ಮಲ್ಲೇಶ್ವರದ ಒಂದು ಮನೆಯ ಮೆಟ್ಟಿಲಿಗೆ ಅವರೆಕಾಯಿ ಮಾರುವವಳ ರಾಶಿ ಬಂತು. ಚಾಮರಾಜಪೇಟೆಯ ನಿವೃತ್ತ ಮೇಷ್ಟರೊಬ್ಬರ ಮನೆಗೆ ಮಂಗಳಮುಖಿಯ ಗೊಂಬೆ ಬಂತು. "ಶಂಕರಪುರದಲ್ಲಿ ಹೇಳಿ ಮಾಡ್ಸಿದ್ದು" ಎಂದರು ಮೇಷ್ಟರು, ಮೊಮ್ಮಗಳ ಮಾರ್ಕ್ಸ್ ಹೇಳುವ ದನಿಯಲ್ಲಿ. ನನ್ನ ನೋಟ್‌ಬುಕ್ಕಿನಲ್ಲಿ ಆ ವರ್ಷ ಮನೆ ಮನೆಯಲ್ಲೂ ಇದೇ ಮಾತು.

ಹೋದ ವರ್ಷ ಹಬ್ಬದ ಎರಡನೆಯ ದಿನ ಶಂಕರಪುರಕ್ಕೆ ಹೋದಾಗ ಅಷ್ಟು ವರ್ಷ ಕೇಳದೇ ಬಿಟ್ಟಿದ್ದ ಪ್ರಶ್ನೆ ಕೇಳಿದೆ. ಎಲ್ಲರ ಮನೆಯಲ್ಲೂ ಮೇಲಿನ ಮೆಟ್ಟಿಲಲ್ಲಿ ಕಳಶದ ಪಕ್ಕ ಮರದ ರಾಜ, ರಾಣಿ ಇರುತ್ತಾರೆ. ಇಲ್ಲಿ ಕಳಶವೊಂದೇ ಇತ್ತು.

"ಪಟ್ಟದ ಗೊಂಬೆ ಎಲ್ಲಿ?"

"ಅದನ್ನ ಮದ್ವೇಲಿ ಅಮ್ಮ ಕೊಡ್ಬೇಕಲ್ವಾ ಮೇಡಂ" ಎಂದರು ಗೊಂಬೆಯವರು. "ನಮ್ಮಮ್ಮ ತಂಗಿಗೆ ಕೊಟ್ರು."

ರಂಗಸಜ್ಜಿಕೆಯವರು ಸ್ಟೂಲಿನ ಮೇಲಿಂದಲೇ ರೇಗಿಸಿದರು. "ಊರಿಗೆಲ್ಲ ಗೊಂಬೆ ಮಾಡ್ಕೊಡ್ತಾನೆ. ನಮಗೂ ಎರಡು ಮಾಡೋ ಗುರು ಅಂದ್ರೆ ಶಾಸ್ತ್ರ ಹೇಳ್ತಾನೆ."

"ನಾನೇ ಮಾಡ್ಕೊಂಡ್ರೆ ಅದು ಶೋಪೀಸು, ಮಗಾ. ಅಮ್ಮ ಕೊಟ್ರೆ ಪಟ್ಟದ ಗೊಂಬೆ."

ಅವರ ತಾಯಿ ಇರುವುದು ವೈಯಾಲಿಕಾವಲ್‌ನಲ್ಲಿ. ಫೋನಿನಲ್ಲಿ ಊಟ ಆಯ್ತಾ ಎಂದು ಕೇಳುತ್ತಿದ್ದರಂತೆ. ಎಂಟು ವರ್ಷದಲ್ಲಿ ಈ ಮನೆಗೆ ಮಾತ್ರ ಬಂದಿರಲಿಲ್ಲ. ಬರೆಯಲೇ ಎಂದು ಕೇಳಿದೆ. "ಅಮ್ಮನ ವಿಷಯ ಬೇಡ. ಗೊಂಬೆ ಇಲ್ಲ ಅನ್ನೋದು ಬರೀರಿ, ಇಲ್ಲದೇ ಇರೋದು ನಿಜ ತಾನೆ" ಎಂದರು.

ಡೆಸ್ಕಿನಲ್ಲಿ ಮುಖ್ಯ ಉಪಸಂಪಾದಕರು ಆ ವಾಕ್ಯದ ಹತ್ತಿರ ನಿಂತರು. "ಇಲ್ಲದ್ದನ್ನ ಯಾಕ್ರೀ ವರದಿ ಮಾಡ್ತೀರಿ?"

"ನೋಡೋಕೆ ಹೋದೋರ ಕಣ್ಣು ಮೊದಲು ಹೋಗೋದೇ ಅಲ್ಲಿಗೆ, ಸಾರ್."

ವಾಕ್ಯ ಉಳಿಯಿತು: 'ಸಂಗಾತಿಗಳಾದ ಈ ಇಬ್ಬರು ಕಲಾವಿದರ ಮನೆಯ ಮೇಲಿನ ಮೆಟ್ಟಿಲಲ್ಲಿ ಕಳಶವಿದೆ, ಪಟ್ಟದ ಗೊಂಬೆಗಳಿಲ್ಲ.'

ವರದಿ ಬಂದ ಮೇಲೆ ಆ ಮನೆಯ ಮುಂದೆ ಸಾಲು ನಿಂತಿತು. ಸರಸ್ವತಿ ಪೂಜೆಯ ಸಂಜೆ ಫೋಟೊಗ್ರಾಫರ್ ಜೊತೆ ನಾನೂ ಹೋದೆ. ಆಟೊದಿಂದ ಇಳಿದ ಹಿರಿಯ ಹೆಂಗಸೊಬ್ಬರು ಚೀಲ ಹಿಡಿದು ಸಾಲು ದಾಟಿ ಒಳಗೆ ಬಂದರು. ಉಸಲಿ ತಟ್ಟೆ ಹಿಡಿದಿದ್ದ ಗೊಂಬೆಯವರು "ಅಮ್ಮಾ" ಎಂದರು.

ತಾಯಿ ಮಗನನ್ನು ನೋಡುವ ಮೊದಲು ಗೊಂಬೆಗಳನ್ನು ನೋಡಿದರು. "ಹೂವಿನವಳ ಬುಟ್ಟಿ ಇಷ್ಟು ಚಿಕ್ಕದಿರತ್ತೇನೋ?" ಎಂದು ಕೇಳಿ, ಚೀಲದಿಂದ ರವಿಕೆ ಬಟ್ಟೆಯಲ್ಲಿ ಸುತ್ತಿದ್ದ ಗೊಂಬೆಗಳನ್ನು ತೆಗೆದರು. ಚಂದನದ ಬಣ್ಣದ, ಇನ್ನೂ ಬಟ್ಟೆ ಉಡಿಸದ ಎರಡು ಮರದ ಗೊಂಬೆ. ಎರಡೂ ರಾಜರೇ.

"ಅಂಗಡಿಯವನು ಜೋಡಿ ಒಡ್ದು ಕೊಡಲ್ಲ ಅಂದ. ಎರಡು ಜೋಡಿ ತಗೊಂಡೆ."

"ರಾಣಿಯರು?" ಎಂದು ರಂಗಸಜ್ಜಿಕೆಯವರು ಮೆಲ್ಲಗೆ ಕೇಳಿದರು.

"ನಮ್ಮನೇಲಿ ಇದಾರಪ್ಪ, ಒಬ್ಬಳಿಗೊಬ್ಬಳು ಜೊತೆಯಾಗಿ. ಬೇಕು ಅಂತ ಯಾರಾದ್ರೂ ಬಂದ್ರೆ ಕೊಡ್ತೀನಿ."

ಆಮೇಲೆ ಆ ಹಾಲಿನಲ್ಲಿ ಯಾರೂ ಕೂರಲಿಲ್ಲ. ರಂಗಸಜ್ಜಿಕೆಯವರು ಜರಿ ತುಂಡುಗಳ ಡಬ್ಬಿಯನ್ನು ನೆಲಕ್ಕೆ ಸುರಿದರು. ಗುರುತಿಲ್ಲದವರೆಲ್ಲ ಬಗ್ಗಿ ಪಂಚೆಗೆ ಅಂಚು ಹುಡುಕಿದರು. ಪೇಟ ಕೆಂಪು ಇರಲಿ, ಇಲ್ಲ, ಹಸಿರು ಇರಲಿ ಎಂದು ಎರಡು ಪಕ್ಷವಾಯಿತು. ಮೇಲೆ ಇಡುವಾಗ ಅಜ್ಜಿಯೊಬ್ಬರು ಧರ್ಮಸಂಕಟ ತಂದರು. "ರಾಣಿ ಎಡಗಡೆ ನಿಲ್ಬೇಕು. ಇವರಲ್ಲಿ ಎಡಕ್ಕೆ ಯಾರು?"

"ವರ್ಷಕ್ಕೊಬ್ರು" ಎಂದರು ತಾಯಿ.

ನಕ್ಕ ಸದ್ದಿಗೆ ಹೊರಗೆ ಸಾಲಿನಲ್ಲಿದ್ದವರು ಕಿಟಕಿಗೆ ಬಂದರು. ನಾನು ನಗುತ್ತಲೇ ಬರೆದುಕೊಂಡೆ. ಆ ಪುಟದ ಅಕ್ಷರ ಆಮೇಲೆ ನನಗೇ ಓದಲಾಗಲಿಲ್ಲ.

ತಿದ್ದುಪಡಿ ಎಂದರೆ ವರದಿಗಾರರಿಗೆ ಅವಮಾನ. ನಾನು ಓಡಿ ಹೋಗಿ ಒಂದು ಬೇಕು ಎಂದು ಕೇಳಿದೆ. "ಆವತ್ತು ಇರ್ಲಿಲ್ಲ, ಹಾಗಾದ್ರೆ ತಪ್ಪು ಎಲ್ಲಿದೆ?" ಎಂದರು ಮುಖ್ಯ ಉಪಸಂಪಾದಕರು. "ಈಗ ಇವೆ ಸಾರ್." ಅವರು ಕನ್ನಡಕ ತೆಗೆದು ಒರೆಸಿ, ಪುಟದ ಕೆಳಗೆ ನಾಲ್ಕು ಸಾಲು ಜಾಗ ಕೊಟ್ಟರು. ತಾಯಿಯನ್ನು ಕೇಳಿ, ರಾಣಿಯರು ಇನ್ನೂ ವೈಯಾಲಿಕಾವಲ್‌ನಲ್ಲಿ ಇದ್ದಾರೆ ಎಂಬುದನ್ನೂ ಸೇರಿಸಿದೆ.

ಮರುದಿನ ಬೆಳಗ್ಗೆ ಕಚೇರಿಗೆ ಫೋನು ಬಂತು. ಹೆಂಗಸಿನ ದನಿ, ಬಸವನಗುಡಿಯಿಂದ. ಹೆಸರು ಹೇಳಲಿಲ್ಲ. ಪಕ್ಕದಲ್ಲಿ ಇನ್ನೊಬ್ಬಳು "ಕೇಳೇ, ಬೇಗ ಕೇಳೇ" ಎನ್ನುತ್ತಿದ್ದುದು ಕೇಳಿಸುತ್ತಿತ್ತು.

"ಮೇಡಂ, ಆ ರಾಣಿಯರನ್ನ ಯಾರಿಗಾದ್ರೂ ಕೊಟ್ಬಿಟ್ರಾ?"