ಹುಳ ಹಣ್ಣಾದ ದಿನ ನಾಟಕ

ನಿವೃತ್ತನಾದ ಮೇಲೆ ಮಾತಾಡುವುದೇ ನನ್ನ ಉದ್ಯೋಗ, ಅದರಲ್ಲಿ ಪರಮಸುಖಿ ಕಣ್ರೀ. ನಾಟಕದ ಮಾತು ಬಂದರೆ ಮಾತ್ರ ನಾಲಿಗೆ ತುಸು ತಡೆಯುತ್ತದೆ.

ಜಂಗಮಕೋಟೆ ಕಡೆಯ ಶಾಲೆಯಲ್ಲಿ ಮೇಷ್ಟ್ರಾಗಿದ್ದಾಗ ಹತ್ತನೇ ತರಗತಿಯವರನ್ನು ನಾಟಕ ನೋಡಲು ಚಿಕ್ಕಬಳ್ಳಾಪುರಕ್ಕೆ ಕರೆದೊಯ್ಯಬೇಕಿತ್ತು. ಎಲ್ಲರ ಮನೆಯಲ್ಲೂ ರೇಷ್ಮೆ ಹುಳ. ಹುಳ ಹಣ್ಣಾಗಿ ನೂಲಲು ಸಿದ್ಧವಾದ ದಿನ ಅವನ್ನು ಆರಿಸಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡಲು ಮನೆಯ ಕೈಗಳೆಲ್ಲ ಬೇಕು. ತಡವಾದರೆ ಕಂಡಲ್ಲಿ ನೂಲು ಉಗುಳಿ ಗೂಡು ಕೆಡುತ್ತದೆ. ಅದಕ್ಕೇ ಮಕ್ಕಳನ್ನೆಲ್ಲ ವಿಚಾರಿಸಿ, ಯಾರ ಮನೆಯಲ್ಲೂ ಹುಳ ಹಣ್ಣಾಗದ ದಿನ ಗೊತ್ತುಮಾಡಿದೆ. ನಾನೇ ಜಾಣ ಅಂದುಕೊಂಡೆ. ಆಮೇಲೆ ಮೋಡ ಮುಚ್ಚಿಕೊಂಡು ಥಂಡಿ ಹಿಡಿಯಿತು. ಥಂಡಿಗೆ ಹುಳ ಹಣ್ಣಾಗುವುದು ನಿಧಾನ.

ಹೊರಡುವ ಬೆಳಿಗ್ಗೆ ಭಾರತಿ ಬರಲಿಲ್ಲ. ನಾಟಕಕ್ಕೆ ಹೋಗಣ ಅಂತ ತಿಂಗಳಿಂದ ನನ್ನ ಬೆನ್ನುಬಿದ್ದಿದ್ದವಳೇ ಅವಳು. ಬಸ್ಸು ನಿಲ್ಲಿಸಿ ಅವಳ ಮನೆಗೆ ಹೋದೆ. ಸೋಂಕು ತಗಲೀತೆಂದು ಹುಳದ ಮನೆಯೊಳಗೆ ಹೊರಗಿನವರನ್ನು ಬಿಡುವುದಿಲ್ಲ. ತಾಯಿ ಬಾಗಿಲಲ್ಲೇ ತಡೆದರು.

“ಏಂ ಚೇಸ್ತಾಂ ಸಾರ್, ಏನ್ ಮಾಡೋದು, ಮೊನ್ನೆ ಹಣ್ಣಾಗಬೇಕಿತ್ತು, ಇವತ್ತು ಆಗ್ತಿದೆ. ನಾಟಕ ಇನ್ನೊಂದಿನ ಆಡ್ತಾರೆ. ಹುಳ ಕಾಯ್ತದಾ?”

ಒಳಗಿಂದ ಭಾರತಿಯ ದನಿ ಬಂತು: “ಹೋಗಿ ಸಾರ್, ಬಸ್ ಕಾಯ್ತಿದೆ.” ಮುಖ ತೋರಿಸಲಿಲ್ಲ.

ನಾಟಕದುದ್ದಕ್ಕೂ ನನ್ನ ಪಕ್ಕದ ಕುರ್ಚಿ ಖಾಲಿಯಿತ್ತು. ಆ ತಂಡ ಮತ್ತೆ ನಮ್ಮ ಕಡೆ ಬರಲೂ ಇಲ್ಲ.

ಹುಳದ ಕೆಲಸ ಮುಗಿಸಿ ಶಾಲೆಗೆ ಬಂದವಳೇ ಭಾರತಿ ಕೇಳಿದಳು, “ಹೇಗಿತ್ತು ಸಾರ್?”

ಚೆನ್ನಾಗಿತ್ತು ಅನ್ನಲು ಬಾಯಿ ಬರಲಿಲ್ಲ. “ಏನಿಲ್ಲಮ್ಮ, ರಾಜ ಉಟ್ಟಿದ್ದ ಪಂಚೆ ರೇಷ್ಮೆಯಲ್ಲ, ಬರೀ ಪಾಲಿಸ್ಟರ್” ಅಂದೆ.

“ಪುಣ್ಯವಂತ ಬಿಡಿ ಸಾರ್,” ಅಂದಳು. “ಅವನ ಮನೇಲಿ ಹುಳ ಇಲ್ಲ.”