ಏಳು ಗಂಡಸರ ಮರ್ಯಾದೆ

ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವರಲ್ಲಿ ನಾನೇ ಮೊದಲು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಮಾರೇನಹಳ್ಳಿಯಲ್ಲಿ ಸೊಪ್ಪು ಬೆಳೆಯುತ್ತಿದ್ದ ಅಪ್ಪ, ನೆಂಟರ ಕುಹಕ ಕೇಳಿಸಿಕೊಂಡೇ ನನ್ನನ್ನು ಬಿ.ಎಸ್ಸಿ. ಓದಿಸಿದ. ಐವತ್ತರ ದಶಕದ ಕೊನೆಯಲ್ಲಿ ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಕರೆಂಟಿನ ಮೀಟರುಗಳು ಸರಿಯಾಗಿ ಓಡುತ್ತವೆಯೇ ಎಂದು ಪರೀಕ್ಷಿಸುವ ಕೋಣೆ. ಏಳು ಜನ ಗಂಡಸರು, ನಾನೊಬ್ಬಳು.

ಅವರು ಕೆಟ್ಟವರಾಗಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ನಾನು ಒಳಗೆ ಹೋದರೆ ನಗು ನಿಲ್ಲುತ್ತಿತ್ತು. ಮೀಟರು ಎತ್ತಿಕೊಂಡರೆ "ಬಿಡೀಮ್ಮಾ, ನಿಮಗ್ಯಾಕೆ ತೊಂದ್ರೆ" ಎಂದು ಯಾರಾದರೂ ಕೈಯಿಂದ ತೆಗೆದುಕೊಳ್ಳುತ್ತಿದ್ದರು. ನನ್ನ ಲೆಕ್ಕ ತಪ್ಪಿದರೆ ಸದ್ದಿಲ್ಲದೆ ತಿದ್ದುತ್ತಿದ್ದರು. ತಮ್ಮತಮ್ಮಲ್ಲಿ ಮಾತ್ರ "ಏನೋ ಕತ್ತೆ, ಕಣ್ಣು ಮನೇಲಿಟ್ಟು ಬಂದ್ಯಾ?" ಎಂದು ಬೈದುಕೊಂಡೇ ಕೆಲಸ ಕಲಿಯುತ್ತಿದ್ದರು. ನನ್ನನ್ನು ಯಾರೂ ಬೈಯಲಿಲ್ಲ. ವರ್ಷ ಕಳೆಯುವುದರೊಳಗೆ, ನನಗೆ ಕೆಲಸ ಬರುತ್ತದೋ ಇಲ್ಲವೋ ಎಂಬುದೇ ನನಗೆ ತಿಳಿಯದಾಯಿತು.

ಆಗ ಇನ್ನೊಬ್ಬಳು ಹುಡುಗಿ ಸೇರಿದಳು. ಮೊದಲ ವಾರವೇ ನನ್ನ ಪಕ್ಕ ಬಗ್ಗಿ, "ಅಕ್ಕಾ, ಮೀಟರಿನ ಮುಳ್ಳನ್ನ ಓರೆಯಾಗಿ ನೋಡ್ತಿದೀರ. ತಪ್ಪು ಬರ್ದಿದೀರ" ಎಂದಳು.

"ನೀನೇನು ಕಮ್ಮಿ? ನಿನ್ನೆ ತಂತಿ ಉಲ್ಟಾ ಹಾಕಿದ್ದು ಯಾರೇ?" ಎಂದೆ.

ಕೋಣೆಯ ಆ ತುದಿಯಿಂದ ಹಿರಿಯರೊಬ್ಬರು, "ಇಬ್ರೂ ಸೇರಿ ಫ್ಯಾಕ್ಟರಿ ಸುಟ್ಟುಬಿಟ್ಟೀರ ಕಣ್ರಮ್ಮ" ಎಂದರು. ಎಲ್ಲರೂ ನಕ್ಕರು, ನಾವೂ ನಕ್ಕೆವು. ಅಂದಿನಿಂದ ಆ ಗಂಡಸರೂ ನನ್ನ ತಪ್ಪನ್ನು ಮುಖಕ್ಕೇ ಹೇಳತೊಡಗಿದರು. ಕೆಲಸಕ್ಕೆ ಹೊರಡುವುದೆಂದರೆ ಹುರುಪು. ಮೀಟರು ಪರೀಕ್ಷಿಸುವ ಹೊಸ ಮೇಜು ಬರುತ್ತದೆಂದಾಗ, ಅದರ ಉಸ್ತುವಾರಿ ನನಗೇ ಕೊಡಿ ಎಂದು ಫೋರ್ಮನ್‌ರನ್ನು ಕೇಳಿಯೇಬಿಟ್ಟೆ. "ನೋಡೋಣ" ಎಂದರು. ಅಪ್ಪನಿಗೂ ಹೇಳಿದೆ.

ಮೇಜು ಬರುವ ಮುಂಚೆ ಆ ಹುಡುಗಿಯನ್ನು ತಂತಿ ಸುತ್ತುವ ಹೆಂಗಸರ ವಿಭಾಗಕ್ಕೆ ಹಾಕಿದರು. ಅಲ್ಲಿ ಜನ ಸಾಲದಂತೆ. ಮತ್ತೆ ನಾನೊಬ್ಬಳೇ. ಕೆಲವೇ ದಿನಗಳಲ್ಲಿ ಕೋಣೆ ಮೊದಲಿನಂತಾಯಿತು, ಅದೇ ಮೌನ, ಅದೇ ಮರ್ಯಾದೆ.

ಮೇಜು ಬಂದ ದಿನ ಫೋರ್ಮನ್ ಎಲ್ಲರ ಮುಂದೆ, "ಏನಮ್ಮಾ, ನೀವು ನೋಡ್ಕೋತೀರಾ?" ಎಂದು ಕೇಳಿದರು. ಏಳು ಮುಖಗಳು ನನ್ನತ್ತ ತಿರುಗಿದವು. ಒಂದರಲ್ಲೂ ವ್ಯಂಗ್ಯವಿರಲಿಲ್ಲ. ಕಷ್ಟಕ್ಕೆ ಸಿಕ್ಕ ಮನೆಮಗಳನ್ನು ನೋಡುವಂಥ ಕನಿಕರವಿತ್ತು.

"ಬೇಡ ಸಾರ್" ಎಂದೆ.

ಸಂಜೆ ಅಪ್ಪ ಮಾರನೆಯ ದಿನದ ಸಂತೆಗೆ ಸೊಪ್ಪಿನ ಕಟ್ಟು ಕಟ್ಟುತ್ತಿದ್ದ. "ಕೊಟ್ರೇನವ್ವ?"

"ಕೇಳಿದ್ರು. ನಾನೇ ಬೇಡ ಅಂದೆ."

"ಯಾಕೆ, ನೀನು ಓದಿದ್ದು ಅದಕ್ಕೆ ಸಾಲ್ದಾ?"

ಓದು ಸಾಲುತ್ತಿತ್ತು. ನನ್ನ ತಪ್ಪನ್ನು ಮುಖಕ್ಕೆ ಹೇಳುವವರು ಆ ಕೋಣೆಯಲ್ಲಿ ಈಗ ಯಾರೂ ಇರಲಿಲ್ಲ. ಅಪ್ಪನ ಪಕ್ಕ ಕೂತು ನಾನೂ ಕಟ್ಟು ಕಟ್ಟತೊಡಗಿದೆ.