ಉಡಿಗೆ ಹಾಕಾಕ ತಂದ ಲ್ಯಾಪ್‌ಟಾಪು

ನನ್ನ ತಮ್ಮನ ಮ್ಯಾಲಿನ ಸಿಟ್ಟು ಇನ್ನೂ ಇಳದಿಲ್ಲ. ಇಳಿಸ್ಕೊಳ್ಳೂ ಮನಸೂ ನನಗಿಲ್ಲ. ಮಂದಿ "ಹೋಗ್ಲಿ ಬಿಡವಾ, ಒಡಹುಟ್ಟಿದಾಂವ" ಅಂತಾರ. ಒಡಹುಟ್ಟಿದಾಂವ ಅಂತನ ಈ ಸಿಟ್ಟು. ಹಾದ್ಯಾಗಿನ ಮಂದಿ ಮಾಡಿದ್ರ ನಾಕು ಬೈದು ಮರತ ಬಿಡ್ತಿದ್ದೆ.

ನನ್ನ ಮಗಳಿಗೆ ಬೆಳಗಾವಿಯೊಳಗ ಆರ್ಕಿಟೆಕ್ಚರ್ ಸೀಟು ಸಿಕ್ಕಿತ್ತು. ಮನಿ, ಕಟ್ಟಡದ ನಕ್ಷಾ ತಗಿಯೂ ಓದು, ಐದು ವರ್ಷದ್ದು. ಅದಽ ಕಾಲೇಜಿನ್ಯಾಗ ಓದಾಕತ್ತಿದ್ದ ಸಿಂದಗಿ ಹುಡುಗಿಯೊಬ್ಬಾಕಿ ಫೋನಿನ್ಯಾಗ ಹೇಳಿದ್ಲು, "ಹಗುರ ಲ್ಯಾಪ್‌ಟಾಪ್ ತಗೋಬ್ಯಾಡ, ನಕ್ಷಾ ತಿರುಗಿಸಿದ ಕೂಡ್ಲೇ ಅದು ನಿಂತ ಬಿಡ್ತೈತಿ. ಗ್ರಾಫಿಕ್ಸ್ ಕಾರ್ಡ್ ಬ್ಯಾರೆ ಇರೂದನ್ನ ತಗೋ."

ನಮ್ಮೂರು ಮನಗೂಳಿ. ಗಂಡ, ಮಗಳು, ನಾನು ಬಾಗೇವಾಡಿಗೆ ಹೋದ್ವಿ. ಅಂಗಡಿಯಾಂವ ಮಗಳ ಕಡೆ ಕಣ್ಣೆತ್ತಿ ಸುದ್ದಾ ನೋಡಲಿಲ್ಲ. ನನ್ನ ಗಂಡಗ ಹೇಳಿದ, "ಹೆಣ್ಣ ಹುಡುಗಿಗಿ ಅಂದ್ರ ಇದು ಚೊಲೊ ಐತ್ರಿ. ತೆಳ್ಳಗ, ಹಗುರ. ಬಣ್ಣಾನೂ ಛಂದ." ನನ್ನ ಮೈ ಉರೀತು. "ಓದಾಕಿ ಇಲ್ಲಿ ನಿಂತಾಳ್ರಿ, ಆಕಿನ್ನ ಕೇಳ್ರಿ" ಅಂದೆ. ಮಗಳು ಅದು ಬೇಕು, ಇದು ಬೇಕು ಅಂತ ಬಿಡಿಸಿ ಹೇಳಿದ್ಲು. ಅಂಥಾದ್ದು ಅಂಗಡ್ಯಾಗ ಇರಲಿಲ್ಲ. ತರಿಸಿ ಕೊಡ್ತೇನಿ ಅಂದ. ಆಗ್ಲಿ ಅಂತ ಹೇಳಿ ಬಂದ್ವಿ.

ಸುದ್ದಿ ಮುದ್ದೇಬಿಹಾಳಕ್ಕ, ತಮ್ಮನ ಮನಿಗೆ ಮುಟ್ಟಿತು. ಫೋನ್ ಮಾಡಿದ. "ಅಕ್ಕಾ, ಸೋದರಮಾವ ನಾ ಇರುವಾಗ ನೀವ್ಯಾಕ ಕೊಡಸ್ತೀರಿ? ನಾ ತರ್ತೇನಿ." ನಮ್ಮಲ್ಲಿ ಕೂಸಿನ ಜವಳ ತಗಿಯೂದರಿಂದ ಹಿಡದು ಎಲ್ಲಾದಕ್ಕೂ ಸೋದರಮಾವನ ಕೈನ ಮುಂದ. ಅದಕ್ಕ ಬ್ಯಾಡ ಅನ್ನೂ ರೂಢಿ ಇಲ್ಲ. ಖರೇ ಹೇಳ್ತೇನಿ, ಹಾಲು ಕುಡದಷ್ಟ ಸಂತೋಷ ಆತು ನನಗ. ಎಂಥಾದ್ದು ಬೇಕು ಅಂತ ಮಗಳ ಕಡಿಂದ ಬರಸಿ ಕಳಿಸಿದೆ.

ರವಿವಾರ ಗಂಡ ಹೆಂಡ್ತಿ ಬಂದ್ರು. ತಮ್ಮ ಡಬ್ಬಿ ಬಿಚ್ಚಿದ. ಬಾಗೇವಾಡಿ ಅಂಗಡಿಯಾಂವ ತೋರಿಸಿದಂಥಾದ್ದ, ತೆಳ್ಳಗ, ಗುಲಾಬಿ ಬಣ್ಣದ್ದು. ಮಗಳು ತಿರುವಿ ನೋಡಿ ಸಣ್ಣ ಮಾರಿ ಮಾಡಿದ್ಲು.

"ಮಾಮಾ, ಇದರಾಗ ನಂದು ಸಾಫ್ಟ್‌ವೇರ್ ಓಡೂದಿಲ್ರಿ."

"ಮೊದಲನೇ ಎರಡು ವರ್ಷ ಓಡ್ತೈತಂತ. ನಾ ಕೇಳೇ ತಂದೇನಿ."

"ಆಮ್ಯಾಲ?" ನಾ ಕೇಳಿದೆ.

"ಆಮ್ಯಾಲ ಯಾಕ ಬೇಕಕ್ಕಾ?" ಅಂತ ನಕ್ಕ.

ಆ ನಗು ನನಗ ತಿಳೀಲಿಲ್ಲ. ಅಷ್ಟರಾಗ ಅವನ ಹೆಂಡ್ತಿ ಚೀಲದಾಗಿಂದ ಕುಬಸದ ಅರಿವಿ, ಅಕ್ಕಿ, ಕೊಬ್ಬರಿ ಬಟ್ಲ, ಉತ್ತತ್ತಿ ತಗದ್ಲು. ಒಂದು ಪಾಕೀಟ ಸಕ್ಕರಿನೂ ಇತ್ತು. ನನ್ನ ಕೇಳದಽ ಆಜೂಬಾಜೂ ಮನಿ ಹೆಣ್ಣಮಕ್ಕಳನ್ನ ಕರದು ಕುಂದರಿಸಿದ್ಲು. "ಬಾ ತಂಗಿ, ಉಡಿ ತುಂಬತೇನಿ" ಅಂತ ಮಗಳನ್ನ ಕಟ್ಟಿಗಿ ಮಣಿ ಮ್ಯಾಲ ಕುಂದರಿಸಿ, ಲ್ಯಾಪ್‌ಟಾಪು ತಾಟಿನ್ಯಾಗ ಇಟ್ಟು ಅರಿಷಿಣ ಕುಂಕುಮ ಹಚ್ಚಿದ್ಲು.

ಲಗ್ನ ಆಗದ ಹುಡುಗಿಗಿ ಮಾವನ ಮನಿಯವರು ನಾಕು ಮಂದಿ ಮುಂದ ಉಡಿ ತುಂಬಿ ಸಕ್ಕರಿ ಹಂಚಿದ್ರ ಏನರ್ಥ ಅಂತ ನಮ್ಮ ಓಣ್ಯಾಗಿನ ನಾಯಿಗೂ ಗೊತ್ತು. ತಮ್ಮಗ ಲಗ್ನಕ್ಕ ಬಂದ ಮಗ ಅದಾನ, ಗೊಬ್ಬರದಂಗಡಿ ನೋಡ್ಕೊಂಡಾನ. ಹುಡುಗ ಕೆಟ್ಟಾಂವಲ್ಲ, ನನ್ನ ತಕರಾರು ಅದಲ್ಲ. ಲ್ಯಾಪ್‌ಟಾಪು ನೆಪ, ಉಡಿ ಅಸಲು. ಮಗಳ ಓದು ಎಷ್ಟು ದಿನ ಅಂತ ಮುದ್ದೇಬಿಹಾಳದಾಗ ಕುಂತು ಠರಾಯಿಸಿ, ಅಷ್ಟಕ್ಕ ತಕ್ಕಂಥಾದ್ದು ತಂದಾರ.

ಅಕ್ಕಿ ತುಂಬಿದ ಆಕಿ ಕೈ ಹಿಡದೆ. "ಏನಿದು?"

"ಏನಿಲ್ರಿ ಅಕ್ಕಾರ, ಊರಿಗೆ ಹೊಂಟಾಳಲ್ಲ, ಒಂದ ಶಾಸ್ತ್ರ."

ಮಳ್ಳಿ ಮಳ್ಳಿ ಮಂಚಕ್ಕೆಷ್ಟು ಕಾಲು ಅಂದ್ರ ಮೂರು ಮತ್ತೊಂದು ಅಂದ್ಲಂತ. "ಶಾಸ್ತ್ರ ನನಗ ಕಲಸಬ್ಯಾಡ. ಏಳ ನೀ ಮ್ಯಾಲ" ಅಂತ ಮಗಳ ರಟ್ಟಿ ಹಿಡದು ಎಬ್ಬಿಸಿದೆ. ಕುಂತಿದ್ದ ಹೆಣ್ಣಮಕ್ಕಳು ಸೆರಗು ಬಾಯಿಗೆ ಹಿಡಕೊಂಡ್ರು.

ತಮ್ಮ ಎದ್ದು ನಿಂತ. "ಏನಕ್ಕಾ, ಮಂದ್ಯಾಗ ಮರ್ಯಾದಿ ಕಳೀತಿ? ನೀ ಸೋದರಮಾವನ್ನ ಮಾಡ್ಕೊಂಡಿಲ್ಲೇನು? ನಿನಗೇನು ಕಡಿಮಿ ಆಗೇತಿ?"

ಹೌದು, ನನ್ನ ಗಂಡ ನಮ್ಮವ್ವನ ಖಾಸಾ ತಮ್ಮ. ಇಂದಿಗೂ ನಾ ಅವರಿಗೆ ಮಾಮಾ ಅಂತನ ಕರೀತೇನಿ. ಪಿಯುಸಿ ಮುಗಿಯೂದ್ರಾಗ ನನ್ನ ಲಗ್ನ ಆಗಿತ್ತು. ಅವರು ಅಲ್ಲೇ ಕುರ್ಚಿ ಮ್ಯಾಲ ಕುಂತಿದ್ರು, ಬಾಯಿ ಬಿಡಲಿಲ್ಲ. ಅದಕ್ಕ ಇನ್ನೊಂದಿಷ್ಟು ಸಿಟ್ಟು ಬಂತು.

"ನನಗ ಯಾರೂ ಕೇಳಲಿಲ್ಲ. ಇಕಿನ್ನ ಕೇಳಬೇಕು" ಅಂದೆ. "ಕೇಳು, ಈಗ ಕೇಳು. ಮಾಡ್ಕೊತಿಯೇನು ಅಂತ ಕೇಳು."

ತಮ್ಮ ಕೇಳಲಿಲ್ಲ. ಮಗಳಽ ಹೇಳಿದ್ಲು, "ಮಾಮಾ, ನಾ ಐದೂ ವರ್ಷ ಓದಾಕಿ." ನಾ ಲ್ಯಾಪ್‌ಟಾಪು ಡಬ್ಬ್ಯಾಗ ಹಾಕಿ ತಮ್ಮನ ಕೈಯಾಗಿಟ್ಟೆ. ಉಣ್ಣದಽ ಹೋದ್ರು. ಅವತ್ತಿಂದ ಮಾತಿಲ್ಲ, ಪಂಚಮಿ ಹಬ್ಬಕ್ಕೂ ತಮ್ಮ ನನ್ನ ತವರಿಗೆ ಕರೀಲಿಲ್ಲ.

ಬಾಗೇವಾಡಿ ಅಂಗಡಿಗೆ ನಮ್ಮ ಲ್ಯಾಪ್‌ಟಾಪು ಬಂತು. ಕರ್ರಗ, ದಪ್ಪಂದು. ಎತ್ತಿದ್ರ ಹಿಟ್ಟಿನ ಡಬ್ಬಿ ಎತ್ತಿದಂಗ. ಮಗಳು ಅಲ್ಲೇ ಚಾಲೂ ಮಾಡಿ, ಒಂದು ಮನಿ ನಕ್ಷಾ ತಗದು, ಆ ಕಡೆ ಈ ಕಡೆ ತಿರುಗಿಸಿ ತಿರುಗಿಸಿ ನೋಡಾಕತ್ತಿದ್ಲು. ಎಲ್ಲೂ ನಿಲ್ಲಲಿಲ್ಲ ಅದು. ನಾವು ಗಂಡ ಹೆಂಡ್ತಿ ಹಿಂದ ಸ್ಟೂಲಿನ ಮ್ಯಾಲ ಕುಂತಿದ್ವಿ. ಆ ರವಿವಾರದಿಂದ ಅವರು ನನ್ನ ಕೂಡ ಸರಿಯಾಗಿ ಮಾತಾಡಿರಲಿಲ್ಲ.

ಮಗಳಿಗೆ ಕೇಳಸದಂಗ ಸಣ್ಣ ಧ್ವನಿಲೆ ಕೇಳಿದ್ರು, "ನೀ ಕಾಲೇಜಿಗೆ ಹೊಂಟಾಗ ನಾ ಸೈಕಲ್ ತಂದು ಕೊಟ್ಟಿದ್ನಲ್ಲ. ಯಾಕ ಕೊಟ್ಟೇನಿ ಅಂತ ನಿನಗ ಗೊತ್ತಿತ್ತೇನು?"

"ಇಲ್ಲ. ಓಣಿ ತುಂಬ ಹೊಡದು ಎಲ್ಲಾರಿಗೂ ತೋರಿಸಿದ್ದೆ."

"ಗೊತ್ತಿದ್ರ?"

ಅವರ ಮಾರಿ ನೋಡಿದೆ. ಸುಳ್ಳು ಹೇಳಬಹುದಿತ್ತು.

"ವಾಪಸ್ ಕೊಡ್ತಿದ್ದೆ ಮಾಮಾ" ಅಂದೆ.